ನಾಲಿಗೆಗೆ ಮುಟ್ಟಿಸಿದ ಕಲ್ಲು

ಅವರು ಕಲ್ಲು ನೆಕ್ಕುತ್ತಿದ್ದರು. ಅವರ ಬಗ್ಗೆ ಬರೆಯಲು ಕೂತರೆ ಇದನ್ನೇ ಮೊದಲು ಹೇಳಬೇಕಾಗುತ್ತದೆ, ಏಕೆಂದರೆ ನಮ್ಮ ಸೀಮೆಯಲ್ಲಿ ಅವರ ಮಾತು ಬಂದಾಗಲೆಲ್ಲ ಜನ ಮೊದಲು ಆಡುತ್ತಿದ್ದುದೂ ಇದನ್ನೇ. ತೋಡುತ್ತಿರುವ ಬಾವಿಯೊಳಗಿಂದ ಮಂಕರಿಯಲ್ಲಿ ಕಲ್ಲುಮಣ್ಣು ಮೇಲೆ ಬರುತ್ತಲೇ ಅದರಿಂದ ಒಂದು ಚೂರನ್ನು ಆರಿಸಿ, ಅಂಗಿಯ ತುದಿಯಲ್ಲಿ ಒರೆಸಿ, ನಾಲಿಗೆಗೆ ಮುಟ್ಟಿಸಿ, ಆಮೇಲೆ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಏನು ಕಂಡಿತು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ. "ಗೊತ್ತಿಲ್ಲ, ನೋಡಣ."

ಅವರು ಬಾವಿ ಮೇಸ್ತ್ರಿ. ಮನೆ ಶಿಡ್ಲಘಟ್ಟದಲ್ಲಿ. ಮನೆಮಂದಿಯೆಲ್ಲ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿದ್ದರು. ಇವರಿಗೆ ಮಾತ್ರ ಆ ಬಿಸಿನೀರಿನ ವಾಸನೆ ಹಿಡಿಸಲಿಲ್ಲ. ಅವರ ಹೆಂಡತಿ ನನ್ನನ್ನು ಕಂಡಾಗಲೆಲ್ಲ, "ನಮ್ಮವರು ಗೂಡು ಬಿಚ್ಚು ಅಂದ್ರೆ ಭೂಮಿ ಬಿಚ್ಚಕ್ಕೆ ಹೋಗ್ತಾರಮ್ಮ" ಎಂದು ನಗುತ್ತಿದ್ದರು. ಮನೆಯಲ್ಲಿ ಉರ್ದು, ಬಾವಿಯೊಳಗಿನ ಆಳುಗಳೊಂದಿಗೆ ತೆಲುಗು, ಹೊಲದ ಯಜಮಾನರೊಂದಿಗೆ ಕನ್ನಡ, ಹೀಗೆ ಮೂರು ಭಾಷೆಯಲ್ಲೂ ಅವರು ಮಾತಾಡುವುದಕ್ಕಿಂತ ಪ್ರಶ್ನೆ ಕೇಳುತ್ತಿದ್ದುದೇ ಹೆಚ್ಚು. ನಮ್ಮಪ್ಪ ಅವರನ್ನು 'ಸಾಬ್ರೇ' ಎನ್ನುತ್ತಿದ್ದರು, ನಾನು 'ಮೇಸ್ತ್ರಿ ಮಾಮ' ಎನ್ನುತ್ತಿದ್ದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೇಲಿನಿಂದಲೇ ಮುಜುಗರಪಟ್ಟುಕೊಂಡಾರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗಳು ಕಾರ್ಡು ಬರೆದಿದ್ದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು ಹತ್ತು ದಿನವಾಗಿತ್ತು. ಹೊರಡುವಾಗ ಆಕೆ ಹಿತ್ತಲಿನಿಂದ ಒಂದು ಹಳೆಯ ಚಂದ್ರಂಕಿಯನ್ನು ತರಿಸಿ ನನ್ನ ಮುಂದೆ ಇಟ್ಟಳು. ಇದನ್ನು ನಿಮಗೇ ಕೊಡಬೇಕೆಂದು ಅಬ್ಬಾ ಹೇಳಿದ್ದರು ಎಂದಳು. ಚಂದ್ರಂಕಿ ಎಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಅಂಚಿನಿಂದ ನಡುವಿನವರೆಗೆ ಸುತ್ತಿಸುತ್ತಿ ನೇಯ್ದಿರುತ್ತಾರೆ. ಹುಳು ಇರಬೇಕಾದ ಆ ಸಂದುಗಳಲ್ಲಿ ಮೇಸ್ತ್ರಿ ಮಾಮ ಕಲ್ಲು ಜೋಡಿಸಿದ್ದರು. ಅಂಚಿನಲ್ಲಿ ಮೇಲ್ಮಣ್ಣಿನ ಹೆಂಟೆ, ಒಳಗೆ ಬಂದಂತೆ ಕೆಂಪು ಗರಸು, ಬಿಳಿ ಸುದ್ದೆಮಣ್ಣು, ಬೆಣಚುಕಲ್ಲು, ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದರೆ ಆ ಬಾವಿಯ ತಳದ ಕಲ್ಲು. ಒಂದು ಚಂದ್ರಂಕಿಗೆ ಒಂದು ಬಾವಿ. ಅಂಥವು ಅವರ ಹಿತ್ತಲಲ್ಲಿ ಹತ್ತು ಹನ್ನೆರಡು ಇದ್ದವು. ಗೌರಿಬಿದನೂರಿನ ಕಡೆ ಅಲೀಪುರದಲ್ಲಿ ತಂಗಿಯ ಮನೆಯ ಹಿಂದೆ ತೋಡಿದ ಬಾವಿಯದ್ದೂ ಒಂದಿತ್ತು. ಓದು ಬರೆಯಲು ಬಾರದ ಮನುಷ್ಯ ಇಟ್ಟುಕೊಂಡ ದಫ್ತರ ಅದು. ಈಗ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ನೆಲದ ಪದರಗಳನ್ನು ಬರೆದು ತೋರಿಸುವಾಗೆಲ್ಲ ನನ್ನ ಕೈ ನೇರಗೆರೆ ಬಿಟ್ಟು ಸುತ್ತಲು ಹೋಗುತ್ತದೆ.

ನನಗೆ ಹತ್ತು ವರ್ಷವಿದ್ದಾಗ ಅವರು ನಮ್ಮ ಕೆಳಗಿನ ಹೊಲದಲ್ಲಿ ಬಾವಿ ತೋಡುತ್ತಿದ್ದರು. ನಮ್ಮೂರು ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ದಾರಿಯಲ್ಲಿದೆ. ಬುತ್ತಿಯೊಂದಿಗೆ ಹೋದವಳು ಅವರನ್ನು ನೋಡಿ ನಾನೂ ಒಂದು ಕಲ್ಲುಚೂರನ್ನು ನಾಲಿಗೆಗೆ ಮುಟ್ಟಿಸಿದೆ. ಅವರು ಕಂಡುಬಿಟ್ಟರು.

"ಯಾರ ಹೊಲದ್ದಮ್ಮ ಅದು?"

"ನಮ್ದೇ, ಮಾಮ."

"ಹಂಗಾದ್ರೆ ಇನ್ಮೇಲೆ ನೀನು ನಿಮ್ಮಪ್ಪನ ಹತ್ರ ಸುಳ್ಳು ಹೇಳಂಗಿಲ್ಲ."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಯಾರ ಹೊಲದ ಕಲ್ಲು ನಾಲಿಗೆಗೆ ತಾಗಿತೋ ಅವರ ಮುಂದೆ ಆ ನಾಲಿಗೆ ಸುಳ್ಳಾಡಬಾರದು, ಇದು ಅವರ ಕಟ್ಟಳೆ. ಯಾರಿಂದ ಕಲಿತರೋ ತಿಳಿಯದು. ಬೇರೆ ಯಾವ ಬಾವಿ ಮೇಸ್ತ್ರಿಯಲ್ಲೂ ನಾನದನ್ನು ಕಾಣಲಿಲ್ಲ. ಇನ್ನೂ ಹತ್ತಡಿ ತೋಡಿ, ಗಂಗಮ್ಮ ಬಂದೇ ಬರ್ತಾಳೆ ಎಂದು ಧೈರ್ಯ ಹೇಳುವವರಿಗೇ ನಮ್ಮಲ್ಲಿ ಕೆಲಸ ಹೆಚ್ಚು. ಇವರು ನೀರಿಲ್ಲ ಎನಿಸಿದರೆ ಮುಂದಿನ ಮಂಕರಿ ಮೇಲೆ ಬರುವ ಮೊದಲೇ ಇಲ್ಲ ಎಂದುಬಿಡುತ್ತಿದ್ದರು. ಅದಕ್ಕೇ ಎಷ್ಟೋ ಊರಿನವರು ಅವರನ್ನು ಎರಡನೇ ಸಲ ಕರೆಯಲಿಲ್ಲ.

ನಮ್ಮ ಆ ಬಾವಿಯಲ್ಲಿ ನೀರು ಬರುತ್ತದೆ ಎಂದು ಜಾಗ ತೋರಿಸಿದ್ದವರು ಅವರೇ. ನಲವತ್ತು ಅಡಿಗೆ ಕರಿಕಲ್ಲು ಸಿಕ್ಕಿತು. ಮದ್ದಿಟ್ಟು ಇನ್ನೂ ಹದಿನೈದು ಅಡಿ ಒಡೆದರು. ತಳ ಒದ್ದೆಯೂ ಆಗಲಿಲ್ಲ. ಕೂಗಳತೆ ದೂರದಲ್ಲಿ, ಸ್ವಲ್ಪ ಏರಿನಲ್ಲಿದ್ದ ಪಕ್ಕದವರ ಬಾವಿಯಲ್ಲಿ ಮಾತ್ರ ನೀರು ತುಂಬಿತ್ತು. ಮೇಸ್ತ್ರಿ ಮಾಮ ಮೇಲೆ ಹತ್ತಿ ಬಂದು, ಕೈಲಿದ್ದ ಕರಿಕಲ್ಲಿನ ಚೂರನ್ನು ನಾಲಿಗೆಗೆ ಮುಟ್ಟಿಸಿ, ಅಪ್ಪನ ಮುಖ ನೋಡಿ ಹೇಳಿದರು.

"ತಪ್ಪಾಯ್ತು ಗೌಡ್ರೇ. ಇಲ್ಲಿ ನೀರಿಲ್ಲ. ಯಾಕಿಲ್ಲ ಅಂತ ನನಗೆ ಗೊತ್ತಿಲ್ಲ."

ಅಪ್ಪ ಊಟಕ್ಕೆ ಏಳಿ ಎಂದರು. ಅವರಿಬ್ಬರ ಸ್ನೇಹ ಶುರುವಾದದ್ದು ಆ ಒಣಬಾವಿಯಿಂದಲೇ. ಆದರೆ ಆ ಕರಿಕಲ್ಲಿನ ಚೂರು ಅಂದಿನಿಂದ ಮೇಸ್ತ್ರಿ ಮಾಮನ ಕೋಟಿನ ಜೇಬು ಸೇರಿತು. ಗುರುವಾರ ಮುರುಗಮಲ್ಲದ ದರ್ಗಾಕ್ಕೆ ಹೋದಾಗಲೂ, ಸಂತೆಯಲ್ಲಿ ಟೀ ಕುಡಿಯುವಾಗಲೂ ತೆಗೆದು ನೋಡುತ್ತಿದ್ದರು. ಆ ಕಡೆ ನೀರಿದೆ, ಈ ಕಡೆ ಇಲ್ಲ, ಯಾಕೆ? ಜನ ಅದನ್ನು ಸಾಬರ ತಾಯಿತ ಎಂದು ಗೇಲಿ ಮಾಡುತ್ತಿದ್ದರು. ನನಗೂ ಆ 'ಯಾಕೆ' ಅಂಟಿಕೊಂಡಿತು.

ಕೋಲಾರದಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಮುಗಿಸಿದೆ. ಕಲ್ಲು, ಮಣ್ಣು, ನೆಲದೊಳಗಿನ ನೀರು ಇವನ್ನೇ ಓದುವ ಒಂದು ವಿದ್ಯೆ ಇದೆಯೆಂದು ನನಗೆ ತಿಳಿದದ್ದು ಅಲ್ಲೇ. ಬೆಂಗಳೂರಿನ ಎರಡು ಕಾಲೇಜುಗಳಲ್ಲಿ ಅದನ್ನು ಹೇಳಿಕೊಡುತ್ತಾರೆಂದೂ ತಿಳಿಯಿತು. ಊರಿಗೆ ಬಂದವಳು ಒಂದು ಸಂಜೆ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದ ಅಪ್ಪನ ಮುಂದೆ ನಿಂತೆ.

"ಮುಂದೆ ಏನಮ್ಮ ಓದ್ತೀಯ?"

"ಭೂಗರ್ಭಶಾಸ್ತ್ರ, ಅಪ್ಪ."

ಅಪ್ಪನ ಕೈ ನಿಂತಿತು. ಅವರ ತಂಗಿ, ನಮ್ಮತ್ತೆ, ಚೊಚ್ಚಲ ಹೆರಿಗೆಗೆಂದು ಚಿಂತಾಮಣಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎತ್ತಿನಗಾಡಿಯಲ್ಲೇ ಪ್ರಾಣ ಬಿಟ್ಟಿದ್ದರು. ಗಾಡಿ ಹೊಡೆಯುತ್ತಿದ್ದವರು ಅಪ್ಪನೇ. ಆ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಗರ್ಭಶಾಸ್ತ್ರವಾ?" ಎಂದರು. ಕಣ್ಣು ತುಂಬಿತ್ತು. "ಓದಮ್ಮ. ಎಷ್ಟು ವರ್ಷ ಆದ್ರೂ ಓದು. ನಮ್ಮೂರಿಂದ ಇನ್ನೊಂದು ಗಾಡಿ ಹಂಗೆ ಹೋಗಬಾರದು."

ಮಗಳು ಲೇಡಿ ಡಾಕ್ಟರಾಗುತ್ತಾಳೆ ಎಂದುಕೊಂಡಿದ್ದರು. ಅಪ್ಪ ತಪ್ಪು ತಿಳಿದರೆಂಬುದು ಆ ಕ್ಷಣವೇ ನನಗೆ ಗೊತ್ತಾಯಿತು. ಅಲ್ಲ ಅಪ್ಪ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಲ್ಲು ಓದುತ್ತೇನೆ ಎಂದರೆ ಯಾವ ಗೌಡರು ಮಗಳನ್ನು ಬೆಂಗಳೂರಿಗೆ ಕಳಿಸಿಯಾರು? ಆಗಲೇ ಗೌರಿಬಿದನೂರಿನ ಕಡೆಯಿಂದ ಒಂದು ಸಂಬಂಧದ ಮಾತು ಬಂದಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಮಾರನೆಯ ದಿನಕ್ಕೆ ಊರೆಲ್ಲ ಸುದ್ದಿ. ಏಳು ತಿಂಗಳ ಬಸುರಿಯೊಬ್ಬಳು ಬಂದು, ಕಾಲು ಊದಿಕೊಂಡಿದೆ, ನೋಡು ತಾಯಿ ಎಂದು ಸೀರೆ ಎತ್ತಿ ಕಾಲು ಚಾಚಿದಳು. ಉಪ್ಪು ಕಡಿಮೆ ತಿನ್ನು ಎಂದು ಎಲ್ಲೋ ಕೇಳಿದ್ದನ್ನು ಹೇಳಿ, ಒಳಗೆ ಹೋಗಿ ಅತ್ತುಬಿಟ್ಟೆ.

ಆ ವಾರ ಮೇಸ್ತ್ರಿ ಮಾಮ ಬಂದರು. ಒಣಬಾವಿಯ ದಡದಲ್ಲಿ ಕೂತು ಅವರಿಗೆ ಎಲ್ಲ ಹೇಳಿಕೊಂಡೆ.

"ನಾನು ಸುಳ್ಳು ಹೇಳ್ಲಿಲ್ಲ ಮಾಮ. ಅಪ್ಪನೇ ಹಂಗೆ ಕೇಳಿಸ್ಕೊಂಡ್ರು."

ಅವರು ಬಾವಿಯೊಳಗೆ ಇಣುಕಿ ನೋಡಿದರು. "ಇಲ್ಲಿ ನೀರು ಬರುತ್ತೆ ಅಂತ ನಾನು ಅಂದಿದ್ದೂ ಸುಳ್ಳಲ್ಲಮ್ಮ. ಹಂಗಂತ ನಂಬಿದ್ದೆ. ಆದ್ರೆ ಕರಿಕಲ್ಲು ಕಂಡ ಮೇಲೂ ಸುಮ್ನೆ ತೋಡ್ತಾ ಹೋಗಿದ್ರೆ, ಅದು ಸುಳ್ಳು."

"ನೀವೇ ಹೇಳಿ ಅಪ್ಪಂಗೆ."

"ಕಲ್ಲು ಯಾರ ನಾಲಿಗೆಗೆ ತಾಗಿತ್ತೋ ಅವರೇ ಹೇಳಬೇಕು. ಬೇಕಾದ್ರೆ ಬೆಂಗಳೂರಿಗೆ ನಾನೂ ಬರ್ತೀನಿ. ನೀನು ಹೇಳುವಾಗ ಪಕ್ಕದಲ್ಲಿರ್ತೀನಿ. ಅಷ್ಟೇ."

ಆಮೇಲೆ ತಡೆಯಲಾರದವರ ಹಾಗೆ ಅವರ ಪ್ರಶ್ನೆ ಬಂತು. ಎರಡು ಕಾಲೇಜು ಅಂತೀಯಲ್ಲ, ಯಾವುದು ಒಳ್ಳೇದು ಅಂತ ಹ್ಯಾಗೆ ನೋಡ್ತೀಯ? ನನಗೇನು ಗೊತ್ತು, ಒಂದರ ಕಟ್ಟಡ ದೊಡ್ಡದಂತೆ ಎಂದೆ. ಅವರು ಜೇಬಿನಿಂದ ಕರಿಕಲ್ಲನ್ನು ತೆಗೆದರು.

"ಇದನ್ನ ಅಲ್ಲಿಯ ಮೇಷ್ಟ್ರ ಕೈಗೆ ಕೊಡು. ಯಾರು ನಾಲಿಗೆಗೆ ಮುಟ್ಟಿಸ್ತಾರೋ ಅವರ ಹತ್ರ ಓದು."

ಆಗ ಚಿಂತಾಮಣಿಯಿಂದ ಬೆಂಗಳೂರಿನ ಕಡೆಗೆ ಚಿಕ್ಕ ರೈಲು ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಇಳಿದು ಪಕ್ಕದಲ್ಲಿ ನಡೆದರೂ ಹಿಂದೆ ಬೀಳುವ ಭಯವಿರಲಿಲ್ಲ. ಕಾಲೇಜು ನೋಡಲು ಅಪ್ಪನೊಂದಿಗೆ ಅದರಲ್ಲೇ ಹೊರಟವಳು, ಶಿಡ್ಲಘಟ್ಟ ಬರುವುದರೊಳಗೆ ಹೇಳಿಬಿಡಬೇಕು ಎಂದುಕೊಂಡೆ. ಶಿಡ್ಲಘಟ್ಟ ಬಂತು, ಮೇಸ್ತ್ರಿ ಮಾಮ ಹತ್ತಿದರು, ನನ್ನ ಮುಖ ನೋಡಿದರು, ಇನ್ನೂ ಹೇಳಿಲ್ಲವೆಂದು ತಿಳಿದುಕೊಂಡರು. ಚಿಕ್ಕಬಳ್ಳಾಪುರದೊಳಗೆ ಹೇಳೋಣ ಎಂದುಕೊಂಡೆ. ಚಿಕ್ಕಬಳ್ಳಾಪುರದಲ್ಲಿ ಅಪ್ಪ ಇಳಿದು ಹೋಗಿ ನನಗೆಂದು ಸೀಬೆಹಣ್ಣು ತಂದರು. ಹಣ್ಣು ಕೈಲಿ ಹಿಡಿದುಕೊಂಡು ಹೇಗೆ ಹೇಳುವುದು? ನಂದಿಬೆಟ್ಟ ಕಿಟಕಿಯಲ್ಲಿ ಬಂದು ಹಿಂದೆ ಸರಿಯಿತು. ಎದುರು ಸೀಟಿನವರಿಗೆ ಅಪ್ಪ, "ಹುಡುಗಿ ಗರ್ಭಶಾಸ್ತ್ರ ಓದ್ತಾಳೆ" ಎಂದು ಹೇಳುತ್ತಲೇ ಇದ್ದರು. ಮೇಸ್ತ್ರಿ ಮಾಮ ಕಿಟಕಿಯ ಹೊರಗಿನ ಬಂಡೆಗಳನ್ನು ಎಣಿಸುವವರ ಹಾಗೆ ನೋಡುತ್ತಿದ್ದರು.

ಮೊದಲನೆಯದು ದೊಡ್ಡ ಕಂಬಗಳ ಕಾಲೇಜು. ಅಪ್ಪ ಹೆಣ್ಣುಮಕ್ಕಳ ಹಾಸ್ಟೆಲು ಹೇಗಿದೆಯೋ ನೋಡಿ ಬರುತ್ತೇನೆಂದು ಕಾವಲುಗಾರನೊಂದಿಗೆ ಹೋದರು. ನಾವಿಬ್ಬರೂ ಒಳಗೆ ಹೋದೆವು. ಅಲ್ಲಿಯ ಅಧ್ಯಾಪಕರು ಬಹಳ ಸೌಜನ್ಯದಿಂದ ಕಲ್ಲನ್ನು ಕರವಸ್ತ್ರದಲ್ಲಿ ಹಿಡಿದು ನೋಡಿ, "ಡಾಲರೈಟ್" ಎಂದು ಹೇಳಿ ಹಿಂದಕ್ಕೆ ಕೊಟ್ಟರು. ಹೊರಗೆ ಬಂದ ಮೇಲೆ ಆ ಹೆಸರನ್ನು ಮೇಸ್ತ್ರಿ ಮಾಮ ಎರಡು ಮೂರು ಸಲ ಹೇಳಿ ನೋಡಿದರು.

"ಹೆಸರು ಚೆನ್ನಾಗದೆ. ಯಾಕೆ ಅನ್ನೋದು ಅಲ್ಲೇ ಉಳೀತು."

ಎರಡನೆಯ ಕಾಲೇಜಿನ ಕಟ್ಟಡಕ್ಕೆ ಸುಣ್ಣ ಹೊಡೆದು ಎಷ್ಟು ವರ್ಷವಾಗಿತ್ತೋ. ಅಲ್ಲಿ ಅಪ್ಪನೂ ಜೊತೆಗೆ ಬಂದರು. ಕೋಣೆಯ ತುಂಬ ಗಾಜಿನ ಬೀರುಗಳು, ಬೀರುಗಳ ತುಂಬ ಕಲ್ಲು. ಅಪ್ಪ ಒಂದೊಂದನ್ನೂ ಬಗ್ಗಿ ನೋಡುತ್ತ ಹೋದರು. ತೆಂಗಿನಕಾಯಿ ಗಾತ್ರದ ಒಂದು ಕಲ್ಲಿನ ಮುಂದೆ ನಿಂತು, ಕನಿಕರದಿಂದ ಅಧ್ಯಾಪಕರನ್ನು ಕೇಳಿದರು.

"ಇಷ್ಟು ದೊಡ್ಡದಾ ಸ್ವಾಮಿ? ಬದುಕಿದ್ನಾ ಆ ಮನುಷ್ಯ?"

ರೋಗಿಗಳ ಹೊಟ್ಟೆಯಿಂದ ತೆಗೆದ ಕಲ್ಲುಗಳು ಎಂದುಕೊಂಡಿದ್ದರು. ಅಧ್ಯಾಪಕರು ಅರ್ಥವಾಗದೆ ನನ್ನತ್ತ ನೋಡಿದರು. ಈಗ ನೆನೆದರೆ ನಗು ಬರುತ್ತದೆ. ಆಗ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತ್ತು. ಮೇಸ್ತ್ರಿ ಮಾಮ ಕರಿಕಲ್ಲನ್ನು ಅಧ್ಯಾಪಕರ ಮೇಜಿನ ಮೇಲೆ ಇಟ್ಟರು. ಅವರು ಅದನ್ನು ಎತ್ತಿಕೊಂಡರು, ತಿರುಗಿಸಿದರು, ಏನೋ ಯೋಚಿಸುತ್ತ ನಾಲಿಗೆಗೆ ಮುಟ್ಟಿಸಿ, ಒಂದು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು.

"ಎಲ್ಲಿ ಸಿಕ್ತು ಇದು?" ಎಂದರು.

ಮೇಸ್ತ್ರಿ ಮಾಮ ನನ್ನ ಕಡೆ ತಿರುಗಿದರು. ನಾನು ಹೇಳಿದೆ. ಅಧ್ಯಾಪಕರಿಗಲ್ಲ, ಅಪ್ಪನಿಗೆ.

"ಅಪ್ಪಾ, ಇದು ಹೆರಿಗೆ ಓದಲ್ಲ. ಇಲ್ಲಿ ಕಲ್ಲು ಓದ್ತಾರೆ. ಭೂಮಿಯ ಗರ್ಭ. ಅವತ್ತು ನೀವು ಹೆರಿಗೆ ಅಂದ್ಕೊಂಡ್ರಿ, ನಾನು ಗೊತ್ತಿದ್ದೂ ಸುಮ್ಮನಿದ್ದೆ."

ಅಪ್ಪ ಮತ್ತೆ ಆ ಬೀರುಗಳನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಆ ಗಾಡಿಯನ್ನು ಮತ್ತೊಮ್ಮೆ ಹೊಡೆದುಕೊಂಡು ಬಂದವರ ಆಯಾಸವಿತ್ತು. ನನ್ನನ್ನು ನಾನು ಅಷ್ಟು ದ್ವೇಷಿಸಿದ್ದು ಆಮೇಲೆಂದೂ ಇಲ್ಲ. ಕೊನೆಗೆ ಅವರು ಕೇಳಿದ್ದು ಮೇಸ್ತ್ರಿ ಮಾಮನನ್ನು.

"ನಿಮಗೆ ಗೊತ್ತಿತ್ತಾ ಸಾಬ್ರೇ?"

ಗೊತ್ತಿಲ್ಲ ಎನ್ನುವುದು ಅವರ ಬಾಯಿಗೆ ಅಭ್ಯಾಸವಾದ ಮಾತು. ಅಂದು ಅದು ಬರಲಿಲ್ಲ.

"ಗೊತ್ತಿತ್ತು ಗೌಡ್ರೇ."

ಅಪ್ಪ ತಲೆಯಾಡಿಸಿದರು. ಆಮೇಲೆ ಅಧ್ಯಾಪಕರ ಕಡೆ ತಿರುಗಿ, ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಕೊಟ್ಟರು. ಯಾವ ಹೊಲ, ಎಷ್ಟು ಅಡಿಗೆ ಗರಸು, ಎಷ್ಟು ಅಡಿಗೆ ಕರಿಕಲ್ಲು, ಏರಿನ ಬಾವಿಯಲ್ಲಿ ಬೇಸಗೆಯಲ್ಲಿ ಎಷ್ಟು ನೀರು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಅಧ್ಯಾಪಕರು ಕಾಗದ ತೆಗೆದು ಬರೆದುಕೊಂಡರು. ಅಪ್ಪನ ಮಾತನ್ನು ಒಬ್ಬರು ಕೋಟು ಹಾಕಿದವರು ಬರೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಲ್ಲಿ ನೀರಿಲ್ಲ ಯಾಕೆ ಸ್ವಾಮಿ?" ಎಂದು ಅಪ್ಪ ಕೇಳಿದರು.

"ಜಾಗ ನೋಡದೆ ಹೇಳಕ್ಕಾಗಲ್ಲ ಯಜಮಾನರೇ. ನಿಮ್ಮ ಮಗಳು ಓದಿ ಹೇಳಲಿ."

ಅಪ್ಪ ಅರ್ಜಿಗೆ ಸಹಿ ಹಾಕಿದರು. ನನಗೊಂದು ಮಾತೂ ಬೈಯಲಿಲ್ಲ. ಆದರೆ ರೈಲಿನಲ್ಲಿ ಬೇರೆ ಸೀಟಿನಲ್ಲಿ ಕೂತರು, ಶಿಡ್ಲಘಟ್ಟದಲ್ಲಿ ಮೇಸ್ತ್ರಿ ಮಾಮ ಇಳಿದು "ಬರ್ತೀನಿ ಗೌಡ್ರೇ" ಎಂದಾಗ ಆ ಕಡೆ ನೋಡಲಿಲ್ಲ. ನನ್ನ ಮೇಲೆ ಬರಬೇಕಾದ ಕೋಪವೆಲ್ಲ ಅವರ ಮೇಲೆ ಹೋಯಿತು. ಮಗಳು ಚಿಕ್ಕವಳು, ಗೆಳೆಯನಾದವನು ಬಾಯಿ ಬಿಡಬೇಕಿತ್ತು, ಇದು ಅಪ್ಪನ ವಾದ. ಎರಡು ವರ್ಷ ಮೇಸ್ತ್ರಿ ಮಾಮ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ಸಂತೆಯಲ್ಲಿ ಎದುರಾದರೆ ಅಪ್ಪ ಎತ್ತಿನ ಹಲ್ಲು ನೋಡುವ ನೆಪದಲ್ಲಿ ಬಗ್ಗುತ್ತಿದ್ದರಂತೆ. ನಾನು ಕ್ಷಮೆ ಕೇಳಲು ಹೋದರೆ ಮೇಸ್ತ್ರಿ ಮಾಮ ಆ ಮಾತನ್ನೇ ಮುಂದುವರಿಯಲು ಬಿಡುತ್ತಿರಲಿಲ್ಲ. ಹೊಸದಾಗಿ ಏನು ಹೇಳಿಕೊಟ್ಟರು, ಬೆಣಚುಕಲ್ಲು ಬಿಳಿ ಯಾಕೆ, ಸುದ್ದೆಮಣ್ಣು ನಾಲಿಗೆಗೆ ಅಂಟೋದು ಯಾಕೆ ಎಂದು ಒಂದೇ ಸಮನೆ ಕೇಳುತ್ತಿದ್ದರು. ರಜೆಯಲ್ಲಿ ನಾನು ಕಾಲೇಜಿನ ಪಾಠ ಒಪ್ಪಿಸುತ್ತಿದ್ದದ್ದು ಅವರ ಹಿತ್ತಲಲ್ಲಿ.

ಎರಡನೆಯ ವರ್ಷ ಅಧ್ಯಾಪಕರು ನಮ್ಮನ್ನು ಬಯಲಿಗೆ ಕರೆದುಕೊಂಡು ಹೋಗಿದ್ದಾಗ, ಒಂದು ಕಲ್ಲುಗಣಿಯ ಬದಿಯಲ್ಲಿ ಕರಿಕಲ್ಲು ಬೇರೆ ಕಲ್ಲಿನ ನಡುವೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುವುದನ್ನು ತೋರಿಸಿದರು. ನಮ್ಮ ಕೆಳಗಿನ ಹೊಲದ ಉದ್ದಕ್ಕೂ ಸಾಲಾಗಿ ಹೋದ ಕರಿಗುಂಡುಗಳು ಥಟ್ಟನೆ ನೆನಪಾದವು. ಅದೂ ಇಂಥದೇ ಗೋಡೆ. ಏರಿನಿಂದ ನೆಲದೊಳಗೆ ಇಳಿದು ಬರುವ ನೀರು ಅದರ ಬೆನ್ನಿಗೆ ತಡೆದು ನಿಲ್ಲುತ್ತದೆ. ನಾವು ತೋಡಿದ್ದು ಗೋಡೆಯನ್ನೇ. ನಾನು ಊರಿಗೆ ಹೋಗುವ ಬದಲು ಮೊದಲು ಶಿಡ್ಲಘಟ್ಟದಲ್ಲಿ ಇಳಿದೆ.

ಮೇಸ್ತ್ರಿ ಮಾಮ ಪೂರ್ತಿ ಕೇಳಿಸಿಕೊಂಡರು. ಜೇಬಿನ ಕಲ್ಲನ್ನು ತೆಗೆದು, ಇಷ್ಟು ವರ್ಷ ನೀನು ಇದನ್ನೇ ಹೇಳುತ್ತಿದ್ದೆಯಾ ಎನ್ನುವ ಹಾಗೆ ನೋಡಿದರು.

"ಗೋಡೆ ಕೊರೆದು ನೀರು ಹುಡುಕಿದ್ನಾ ನಾನು?" ಎಂದು ಗಟ್ಟಿಯಾಗಿ ನಕ್ಕರು. ಆಮೇಲೆ ತಕ್ಷಣ, "ಈ ಗೋಡೆ ಕಟ್ಟಿದ್ಯಾರು? ಎಷ್ಟು ದೂರ ಹೋಗುತ್ತೆ? ಕೆಳಗೆ ಬುನಾದಿ ಅದೆಯಾ?" ಎಂದು ಶುರುವಾದರು.

ಊರಿಗೆ ಹೋಗಿ ಕರಿಗುಂಡುಗಳ ಸಾಲಿನ ಮೇಲ್ಗಡೆ, ನಮ್ಮದೇ ಹೊಲದಲ್ಲಿ, ಒಂದು ಜಾಗಕ್ಕೆ ಸುಣ್ಣದ ಗುರುತು ಹಾಕಿದೆ. ಅಪ್ಪ ಬಂದು ನಿಂತು ನೋಡಿದರು.

"ನೀರು ಬರುತ್ತಾ?"

ಬರುತ್ತದೆ ಎನ್ನಲು ಬಾಯಿ ತೆರೆದವಳು, ಅಲ್ಲಿಯ ಒಂದು ಕಲ್ಲುಚೂರನ್ನು ಎತ್ತಿ ನಾಲಿಗೆಗೆ ಮುಟ್ಟಿಸಿದೆ. "ಗೊತ್ತಿಲ್ಲ ಅಪ್ಪ. ಬರಬಹುದು ಅನ್ಸುತ್ತೆ. ತೋಡಿ ನೋಡಣ."

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿ, ಆಳಿನ ಕೈಲಿ ಶಿಡ್ಲಘಟ್ಟಕ್ಕೆ ಹೇಳಿ ಕಳಿಸಿದರು. ಮೇಸ್ತ್ರಿ ಮಾಮ ಮಾರನೆಯ ದಿನವೇ ಹಾರೆ, ಗುದ್ದಲಿ, ಆಳುಗಳೊಂದಿಗೆ ಬಂದರು. ಮಾತು ಮಾತ್ರ ಆಗಲಿಲ್ಲ. ಅಪ್ಪ ಆಳುಗಳಿಗೆ ಹೇಳುತ್ತಿದ್ದರು, ಆಳುಗಳು ಅವರಿಗೆ ಹೇಳುತ್ತಿದ್ದರು. ಊಟ ಹೊಲಕ್ಕೇ ಹೋಗುತ್ತಿತ್ತು. ಹೀಗೆ ಮೂರು ವಾರ ನಡೆಯಿತು.

ಮೂವತ್ತಾರನೆಯ ಅಡಿಯ ದಿನ ಆಳುಗಳನ್ನು ಮೇಲೆ ಕಳಿಸಿ, ಆ ವಯಸ್ಸಿನಲ್ಲಿ ಮೇಸ್ತ್ರಿ ಮಾಮ ತಾವೇ ಒಳಗೆ ಇಳಿದರು. ಹಾರೆಯ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು. ಅಪ್ಪ ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು, ನಾನು ಹಗ್ಗ ಹಿಡಿದು ನಿಂತಿದ್ದೆ. ಕೆಳಗಿನಿಂದ ಮಂಕರಿ ಮೇಲೆ ಬಂತು. ಅದರಲ್ಲಿ ಒಂದೇ ಒಂದು ಕಲ್ಲಿತ್ತು, ನೀರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನು ಎತ್ತಿಕೊಳ್ಳುವ ಮೊದಲೇ ಅಪ್ಪ ಎತ್ತಿಕೊಂಡು, ಯಾರೂ ಹೇಳಿಕೊಡದೆ, ನಾಲಿಗೆಗೆ ಮುಟ್ಟಿಸಿದರು. ಆಮೇಲೆ ಬಾವಿಯ ಅಂಚಿಗೆ ಸರಿದು ಒಳಗೆ ಬಗ್ಗಿದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ದನಿ ಆ ಮನುಷ್ಯನ ಕಡೆಗೆ ಹೋಯಿತು.

"ಸಾಬ್ರೇ, ಹೆರಿಗೆ ಆಯ್ತಾ?"

ಕೆಳಗೆ ನೀರಿನಲ್ಲಿ ಕಾಲಾಡುವ ಸದ್ದು. ಆಮೇಲೆ ಅವರ ದನಿ.

"ಆಯ್ತು ಗೌಡ್ರೇ. ತಾಯಿ, ಮಗು ಇಬ್ಬರೂ ಕ್ಷೇಮ."

ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಹಗ್ಗ ಬಿಗಿ ಹಿಡಿದೆ, ಮೇಸ್ತ್ರಿ ಮಾಮ ಇನ್ನೂ ಮೇಲೆ ಬರುವುದಿತ್ತು.